ಸ್ಪ್ಲಿಟ್‌ನಿಂದ ಒಂದು ವಾರ ಹಾಯಿದೋಣಿ: ದಡಕ್ಕಿಳಿದು ಏನೇನು ನೋಡಬಹುದು?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ನಾವಿರೋದು ಜರ್ಮನಿಯ ಉಲ್ಮ್‌ನಲ್ಲಿ. ಸೆಪ್ಟೆಂಬರ್‌ನಲ್ಲಿ ಕ್ರೊಯೇಶಿಯಾದ ಸ್ಪ್ಲಿಟ್‌ನಿಂದ ಹಾಯಿದೋಣಿ ಬಾಡಿಗೆಗೆ ಹಿಡಿದಿದ್ದೇವೆ, ಶನಿವಾರದಿಂದ ಶನಿವಾರ. ನಾನು, ನಮ್ಮನೆಯವರು, ಮಗಳು, ಶಿವಮೊಗ್ಗದಿಂದ ಬರ್ತಿರೋ ಅಪ್ಪ-ಅಮ್ಮ, ಜೊತೆಗೆ ನಮ್ಮನೆಯವರ ಸ್ನೇಹಿತರೊಬ್ಬರು. ದೋಣಿ ನಡೆಸೋ ಲೈಸೆನ್ಸು, ರೇಡಿಯೊ ಸರ್ಟಿಫಿಕೇಟು ಇಬ್ಬರು ಗಂಡಸರಿಗೂ ಇದೆ, ಆ ಚಿಂತೆ ಇಲ್ಲ.

ಚಿಂತೆ ಇವರು ಹಾಕಿರೋ ಪ್ಲಾನಿನದು. ಸ್ಪ್ಲಿಟ್, ಹ್ವಾರ್, ಕೋರ್ಚುಲಾ, ಮ್ಲ್ಯೆಟ್, ದುಬ್ರೊವ್ನಿಕ್, ಮತ್ತೆ ಅದೇ ದಾರಿಯಲ್ಲಿ ವಾಪಸ್. ಹಗಲೆಲ್ಲಾ ನೀರಿನ ಮೇಲೆ, ಕತ್ತಲಾದ ಮೇಲೆ ದಡ. ಅಪ್ಪ ಇತಿಹಾಸದ ಮೇಷ್ಟ್ರಾಗಿದ್ದವರು. ಡಯೋಕ್ಲೀಶಿಯನ್ ಅರಮನೆ ನೋಡ್ತೀವಿ ಅಂದಾಗಿನಿಂದ ಫೋನ್ ಮಾಡಿದಾಗಲೆಲ್ಲ ರೋಮನ್ ಚಕ್ರವರ್ತಿಗಳದೇ ಮಾತು. ಅಂಥವರನ್ನ ಅಷ್ಟು ದೂರ ಕರೆಸಿ, ದೋಣಿ ಕಟ್ಟೋ ಜಾಗ ತೋರಿಸಿ ವಾಪಸ್ ಕಳಿಸೋಕೆ ನನಗೆ ಸುತರಾಂ ಮನಸ್ಸಿಲ್ಲ. ಅಮ್ಮನಿಗೆ ಮಂಡಿನೋವು. ಶುದ್ಧ ಸಸ್ಯಾಹಾರ, ಮೊಟ್ಟೆಯೂ ಇಲ್ಲ.

ಯಾವ ಊರಿಗೆ ಎಷ್ಟು ಹೊತ್ತು ಕೊಡಬೇಕು? ಯಾವುದನ್ನ ಧೈರ್ಯವಾಗಿ ಬಿಡಬಹುದು? ಹೋಗಿಬಂದವರು ದಯವಿಟ್ಟು ಹೇಳಿ.

ಮಲ್ಪೆ ಅಣ್ಣ
ದುಬ್ರೊವ್ನಿಕ್ ಬಿಡಿ ಮಾರಾಯ್ರೆ.

ಸ್ಪ್ಲಿಟ್‌ನಿಂದ ಅಲ್ಲಿಗೆ 100 ನಾಟಿಕಲ್ ಮೈಲಿಗಿಂತ ಜಾಸ್ತಿ ಉಂಟು. ಹಾಯಿದೋಣಿ ಗಂಟೆಗೆ 5–6 ಮೈಲಿ ಹೋದರೆ ಹೆಚ್ಚು. ಶನಿವಾರ ದೋಣಿ ನಿಮ್ಮ ಕೈಗೆ ಸಿಗುವಾಗ ಸಂಜೆ ಆಗ್ತದೆ. ಶುಕ್ರವಾರ ಸಂಜೆಯೊಳಗೆ ಹೊರಟ ಮರೀನಾಕ್ಕೇ ವಾಪಸ್ ತರ್ಬೇಕು, ಮರುದಿನ ಬೆಳಿಗ್ಗೆ ಖಾಲಿ ಮಾಡಿ ಕೊಡ್ಬೇಕು. ನಡುವೆ ಒಂದು ದಿನ ಯುಗೊ ಎದ್ದರೆ ಎಲ್ಲ ಲೆಕ್ಕ ಕೆಟ್ಟಿತು. ಅದು ಆಗ್ನೇಯದ ಗಾಳಿ, ಮೋಡ, ಮಳೆ, ಉದ್ದ ಅಲೆ ಎಲ್ಲ ಒಟ್ಟಿಗೆ ತರ್ತದೆ. ದುಬ್ರೊವ್ನಿಕ್ ಇರುವುದೂ ಆಗ್ನೇಯಕ್ಕೇ. ಅಂದ್ರೆ ಗಾಳಿಗೆ ಎದುರಾಗಿ ಇಂಜಿನ್ ಹಾಕಿಕೊಂಡು ಗುದ್ದಾಡ್ಬೇಕು, ಅದೂ ವಯಸ್ಸಾದವರನ್ನು ಕೂರಿಸಿಕೊಂಡು.

ಮತ್ತೆ ಅಲ್ಲಿಯ ಹಳೇ ಬಂದರಿನಲ್ಲಿ ನಿಮ್ಮ ದೋಣಿ ಕಟ್ಟಿ ಕೋಟೆಯೊಳಗೆ ನಡೆದುಕೊಂಡು ಹೋಗುವ ಆಸೆ ಇದ್ದರೆ ಅದನ್ನೂ ಬಿಡಿ. ಮರೀನಾ ಇರುವುದು ಕೊಮೊಲಾತ್ಸ್‌ನಲ್ಲಿ, ಸಮುದ್ರದಿಂದ ಒಳಗೆ. ಅಲ್ಲಿಂದ ಬಸ್ಸು ಹಿಡೀಬೇಕು.

ಹಳೇ ಕಲ್ಲು
ದೂರದ ಮಾತು ಒಪ್ಪಿದೆ, ಆದರೆ ಇತಿಹಾಸದ ಮೇಷ್ಟ್ರಿಗೆ ದುಬ್ರೊವ್ನಿಕ್ ತೋರಿಸದೆ ಕಳಿಸೋದು ಅನ್ಯಾಯ. ದೋಣಿ ವಾಪಸ್ ಕೊಟ್ಟು, ಶನಿವಾರವೇ ಬಸ್ಸಲ್ಲೋ ಕ್ಯಾಟಮರಾನ್ ಫೆರಿಯಲ್ಲೋ ಹೋಗಿ. ಎರಡು ರಾತ್ರಿ ಉಳಿದು ಅಲ್ಲಿಂದಲೇ ವಿಮಾನ ಹತ್ತಿ. ದುಬ್ರೊವ್ನಿಕ್ ಬರೀ ಚೆಂದದ ಕೋಟೆ ಅಲ್ಲ. 1377ರಲ್ಲಿ ಪ್ಲೇಗಿನ ಊರುಗಳಿಂದ ಬಂದವರು ಊರಾಚೆ ಮೂವತ್ತು ದಿನ ಕಳೆದ ಮೇಲೇ ಒಳಗೆ ಬರಬೇಕು ಅಂತ ಕಾನೂನು ಮಾಡಿದ ಗಣರಾಜ್ಯ ಅದು. 1416ರಲ್ಲಿ ಗುಲಾಮರ ವ್ಯಾಪಾರ ನಿಷೇಧಿಸಿತು. ಕಪ್ಪ ಕೊಟ್ಟು ತುರ್ಕರನ್ನೂ, ಜಾಣತನದಿಂದ ವೆನಿಸ್‌ನವರನ್ನೂ ದೂರ ಇಟ್ಟು ನೂರಾರು ವರ್ಷ ಬಾಳಿ, ಕೊನೆಗೆ ನೆಪೋಲಿಯನ್ ಸೈನ್ಯ ಬಂದು 1808ರಲ್ಲಿ ಮುಗಿಸಿತು.

ಕೋಟೆ ಗೋಡೆಯ ಸುತ್ತು 1,940 ಮೀಟರ್. ಮೇಲಿಂದ ಹೆಂಚುಗಳ ಬಣ್ಣ ಗಮನಿಸಿ. ಮಾಸಿದ ಹಳದಿ-ಕಂದು ಹೆಂಚು ಹಳೆಯದು, ಕಣ್ಣಿಗೆ ರಾಚೋ ಕಿತ್ತಳೆ ಹೆಂಚು 1991–92ರ ಮುತ್ತಿಗೆಯಲ್ಲಿ ಶೆಲ್ ಬಿದ್ದ ಮೇಲೆ ಹೊದಿಸಿದ್ದು. ಯಾವುದು ಯಾವುದು ಅಂತ ಗೊತ್ತಾದ ಮೇಲೆ ಆ ಊರನ್ನ ಸುಮ್ಮನೆ ಫೋಟೊ ತೆಗೆದು ಇಳಿಯೋಕಾಗಲ್ಲ.

ಬನಶಂಕರಿ 2ನೇ ಹಂತ
ಗೋಡೆ ಹತ್ತೋ ಟಿಕೆಟ್ಟೇ ಒಬ್ಬರಿಗೆ ನಲವತ್ತು ಯೂರೋ ಆಸುಪಾಸು. ಆರು ಜನಕ್ಕೆ ಗುಣಿಸಿಕೊಳ್ಳಿ.

ರಾಟರ್‌ಡ್ಯಾಮ್ ಅಕ್ಕ
ದುಬ್ರೊವ್ನಿಕ್‌ಗೆ ಬಸ್ಸಲ್ಲಿ ಹೋದರೆ ಒಂದು ವಿಷಯ ನೆನಪಿಡಮ್ಮ. ಅಪ್ಪ-ಅಮ್ಮನ ವೀಸಾ ಸಿಂಗಲ್ ಎಂಟ್ರಿನಾ, ಮಲ್ಟಿಪಲ್ಲಾ ನೋಡು. ಹಳೇ ದಾರಿಯಲ್ಲಿ ಬೋಸ್ನಿಯಾದ ನೆಯುಮ್ ಅಡ್ಡ ಬರುತ್ತೆ. ಅದು ಶೆಂಗೆನ್ (ಒಂದೇ ವೀಸಾದಲ್ಲಿ ಓಡಾಡೋ ಯುರೋಪಿನ ದೇಶಗಳ ಗುಂಪು) ಆಚೆ. 2022ರಲ್ಲಿ ಪೆಲ್ಯೆಶಾತ್ಸ್ ಸೇತುವೆ ಆದ ಮೇಲೆ ಕ್ರೊಯೇಶಿಯಾದೊಳಗೇ ಹೋಗಬಹುದು, ಆದರೂ ಟಿಕೆಟ್ ತಗೊಳ್ಳೋ ಮುಂಚೆ ಬಸ್ಸು ಯಾವ ದಾರಿ ಅಂತ ಕೇಳಿಬಿಡು. ಕೋಟೊರ್ ನೋಡೋ ಆಸೆಗೆ ಮಾಂಟೆನೆಗ್ರೊ ಕಡೆ ಹೊರಟರೂ ಇದೇ ಕಥೆ. ಸಿಂಗಲ್ ಎಂಟ್ರಿ ಇಟ್ಕೊಂಡು ಆಚೆ ಕಾಲಿಟ್ಟರೆ ವಾಪಸ್ ಬರೋಕಾಗಲ್ಲ.

ಎಚ್‌ಎಸ್‌ಆರ್ ಹುಡುಗ
ಕ್ರೊಯೇಶಿಯಾಕ್ಕೆ ಬೇರೆ ವೀಸಾ ಅಲ್ವಾ? ದುಡ್ಡೂ ಕುನಾ ಅಂತ ಓದಿದ್ದೆ.

ರಾಟರ್‌ಡ್ಯಾಮ್ ಅಕ್ಕ
ಹಳೇ ಮಾತು. 2023ರ ಜನವರಿ 1ರಿಂದ ಶೆಂಗೆನ್ನೂ ಆಯ್ತು, ಯೂರೋನೂ ಆಯ್ತು.

ಗಾಳಿಪಟ
ನಾನು ಬೇರೆ ಥರ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಊರು ನೋಡಬೇಕಾದರೆ ಹೋಟೆಲ್ ಬುಕ್ ಮಾಡಿ, ಫೆರಿಯಲ್ಲಿ ಓಡಾಡಿ, ಅರ್ಧ ಖರ್ಚಲ್ಲಿ ಮುಗಿಯುತ್ತೆ. ಹಾಯಿದೋಣಿ ಹಿಡಿಯೋದು ರಸ್ತೆಯೇ ಇಲ್ಲದ ಕೊಲ್ಲಿಯೊಳಗೆ ಲಂಗರು ಹಾಕಿ, ತಳ ಕಾಣೋ ನೀರಿಗೆ ಧುಮುಕೋಕೆ. ಪೈನ್ ಮರದ ವಾಸನೆ, ಜೀರುಂಡೆ ಸದ್ದು, ರಾತ್ರಿ ದೀಪವೇ ಇಲ್ಲದ ಆಕಾಶ. ಇದು ಯಾವ ಹೋಟೆಲಲ್ಲೂ ಸಿಗಲ್ಲ. ಡಾಲ್ಮೇಶಿಯಾದ, ಅಂದರೆ ಈ ಕರಾವಳಿಯ, ಹಳೇ ಊರುಗಳು ನಾಲ್ಕು ನೋಡೋ ಹೊತ್ತಿಗೆ ಕಲಸಿಹೋಗುತ್ತವೆ. ಬಿಳಿ ಕಲ್ಲಿನ ಓಣಿ, ಚರ್ಚು, ಐಸ್‌ಕ್ರೀಂ, ಫ್ರಿಜ್ ಮ್ಯಾಗ್ನೆಟ್ ಅಂಗಡಿ. ನಿಮ್ಮನೆಯವರ ಪಕ್ಷ ನಾನು.

ಹಳೇ ಕಲ್ಲು
ಇಲ್ಲ, ಇದನ್ನ ಒಪ್ಪೋಕೆ ಸಾಧ್ಯವೇ ಇಲ್ಲ. ಧಕ್ಕೆಯ ಮೊದಲ ಸಾಲು ದಾಟದೆ ನೋಡಿದರೆ ಎಲ್ಲಾ ಒಂದೇ. ಎರಡು ಓಣಿ ಒಳಗೆ ಹೋಗಿ.

ತ್ರೋಗಿರ್ ತಗೊಳ್ಳಿ. ಅಲ್ಲಿ ಕ್ಯಾಥೆಡ್ರಲ್ ಬಾಗಿಲನ್ನ ರಾಡೊವಾನ್ ಅನ್ನೋ ಶಿಲ್ಪಿ 1240ರಲ್ಲಿ ಕಡೆದಿದ್ದಾನೆ. ಆಡಮ್-ಈವ್ ಎರಡೂ ಕಡೆ ಸಿಂಹಗಳ ಮೇಲೆ ನಿಂತಿದ್ದಾರೆ, ಕಂಬಗಳ ಮೇಲೆ ತಿಂಗಳು ತಿಂಗಳಿನ ಕೆಲಸ ಮಾಡೋ ರೈತಾಪಿ ಜನ. ಶಿಬೆನಿಕ್‌ನಲ್ಲಿ ಕ್ಯಾಥೆಡ್ರಲ್ ಹಿಂಬದಿ ಗೋಡೆ ಸುತ್ತ 71 ಮನುಷ್ಯರ ತಲೆಗಳು, ದೇವರದ್ದಲ್ಲ, ಸಂತರದ್ದಲ್ಲ, ಆಗಿನ ಸಾಮಾನ್ಯ ಜನರದ್ದು. ಒಬ್ಬ ಮೂತಿ ಉಬ್ಬಿಸಿಕೊಂಡಿದ್ದಾನೆ, ಒಬ್ಬ ನಿದ್ದೆಗಣ್ಣಲ್ಲಿದ್ದಾನೆ. ಆ ಕಟ್ಟಡದ ಚಾವಣಿ ಪೂರ್ತಿ ಕಲ್ಲಿನ ಹಲಗೆ, ಒಂದಕ್ಕೊಂದು ಕಚ್ಚಿಸಿ ನಿಲ್ಲಿಸಿರೋದು. 1431ರಿಂದ 1535ರವರೆಗೆ ಕಟ್ಟಿದ್ದಾರೆ. ಹ್ವಾರ್‌ನಲ್ಲಿ 1612ರ ನಾಟಕಶಾಲೆ ಇದೆ, ಶ್ರೀಮಂತರೂ ಸಾಮಾನ್ಯರೂ ಒಂದೇ ಸೂರಿನಡಿ ಕೂತು ನೋಡ್ತಿದ್ದರು. ಇವೆಲ್ಲಾ ಒಂದೇ ಅನ್ನಿಸಿದರೆ ಅದು ಊರಿನ ತಪ್ಪಲ್ಲ.

ಗಾಳಿಪಟ
ಶಿಲ್ಪ ನೋಡೋರು ನೋಡಲಿ ಸರ್. ಮಗು ಜೊತೆಗಿದೆ ಅನ್ನೋದು ನೆನಪಿರಲಿ. ಮೂರನೇ ಚರ್ಚಿಗೆ ಅದು ಅಳುತ್ತೆ.

ಧಾರವಾಡ್ ಫೇಡೆ
ಅಲ್ರೀ, ಇಬ್ಬರೂ ಯಾಕ ಇಷ್ಟು ಜಗ್ಗಾಡ್ತೀರಿ? ಹಗಲು ಒಂದs ಅಲ್ಲ, ಬೆಳಗು ಒಂದು ಐತಿ, ಸಂಜಿ ಒಂದು ಐತಿ.

ತಂಗಿ, ಸ್ಪ್ಲಿಟ್‌ಗೆ ಶುಕ್ರವಾರನs ಬರ್ರಿ. ಶನಿವಾರ ದೋಣಿ ಕೈಗೆ ಸಿಗೂತನಕ ಅರಮನಿ ನೋಡಿ ಮುಗಸ್ರಿ. ಡಯೋಕ್ಲೀಶಿಯನ್ ತಾನಾಗೇ 305ರಾಗ ಪಟ್ಟ ಬಿಟ್ಟು ಬಂದು ಇರಾಕ ಕಟ್ಟಿಸಿಕೊಂಡ ಮನಿ ಅದು. ಬ್ರಾಚ್ ದ್ವೀಪದ ಬಿಳಿ ಕಲ್ಲು, ಈಜಿಪ್ಟಿನಿಂದ ತರಿಸಿದ ಕರೀ ಗ್ರಾನೈಟಿನ ಸ್ಫಿಂಕ್ಸ್. ತಿರುಗಿ ರಾಜ್ಯ ಆಳ್ರಿ ಅಂತ ಕರಿಯಾಕ ಬಂದವರಿಗೆ, ನಾ ನನ್ನ ಕೈಯಾರೆ ಬೆಳೆಸಿದ ಕೋಸು ನೋಡಿದ್ರ ನೀವು ಹಿಂಗ ಕೇಳ್ತಿರಲಿಲ್ಲ ಅಂದನಂತ. ಕ್ರಿಶ್ಚಿಯನ್ನರಿಗೆ ಭಾಳ ಕಾಡಿದ ಮನಷ್ಯಾ. ಸಲೋನಾದ ಬಿಶಪ್ ಡೊಮ್ನಿಯುಸನ್ನ ಕೊಲ್ಲಿಸಿದ್ದು ಅವನ ಕಾಲದಾಗನs. ಈಗ ಅದs ಚಕ್ರವರ್ತಿಯ ಗೋರಿ ಕಟ್ಟಡ ಅದs ಡೊಮ್ನಿಯುಸನ ಹೆಸರಿನ ಕ್ಯಾಥೆಡ್ರಲ್ ಆಗೇತಿ. ಒಳಗ ನಿಂತು ತಲಿ ಎತ್ತಿದ್ರ ಗುಮ್ಮಟದ ಕೆಳಗಿನ ಪಟ್ಟಿಯೊಳಗ ಡಯೋಕ್ಲೀಶಿಯನ್ ಮುಖ ಇನ್ನೂ ಐತಿ. ನಿಮ್ಮ ಅಪ್ಪಾಜಿ ಅಲ್ಲಿಂದ ಏಳೂದಿಲ್ಲ ನೋಡ್ರಿ.

ನೆಲಮಾಳಿಗಿಗೂ ಇಳೀರಿ. ಮ್ಯಾಲಿನ ಅರಮನಿ ಕೋಣಿಗಳ ನಕ್ಷಾ ಹೆಂಗಿತ್ತೋ ಕೆಳಗೂ ಹಂಗs ಐತಿ. ಮ್ಯಾಲ ಇದ್ದವರು ಶತಮಾನಗಟ್ಟಲೆ ಕಸ ಸುರುವಿ ತುಂಬಿಸಿಬಿಟ್ಟಿದ್ರು, ಅದಕ್ಕs ಉಳಕೊಂಡೇತಿ. ಅರಮನಿ ಗೋಡಿಯೊಳಗ ಇವತ್ತಿಗೂ ಜನ ಬಾಳ್ವಿ ಮಾಡ್ತಾರ, ರೋಮನ್ ಕಮಾನಿನ ಮ್ಯಾಲ ಅಂಗಿ ಒಣಗತಿರ್ತಾವ.

ಸಲೋನಾ ಅಂತೂ ಬಿಡಬ್ಯಾಡ್ರಿ. ಸ್ಪ್ಲಿಟ್‌ನಿಂದ ಸಿಟಿ ಬಸ್ಸಿನ ಹಾದಿ. ಆಂಫಿಥಿಯೇಟರ್, ಸ್ನಾನಗೃಹ, ಊರ ಗೋಡಿ, ಎಲ್ಲಾ ಆಲಿವ್ ಗಿಡಗಳ ನಡುವ ಬಯಲಾಗ ಬಿದ್ದಾವ. ಗದ್ದಲ ಇಲ್ಲ.

ತುಂಗಾತೀರ
ಅಪ್ಪನಿಗೆ ಇದನ್ನ ಓದಿ ಹೇಳಿದೆ. ಸಲೋನಾ ಖಾಯಂ ಅಂದುಬಿಟ್ಟರು. ಶುಕ್ರವಾರದ ವಿಮಾನ ನೋಡ್ತೀನಿ.

ಬೆಳಿಗ್ಗೆ-ಸಂಜೆ ಲೆಕ್ಕ ಹೇಗೆ? ಬೆಳಿಗ್ಗೆ ಊರು ನೋಡಿ ಮಧ್ಯಾಹ್ನ ಹೊರಟರೆ ಮುಂದಿನ ಊರಲ್ಲಿ ದೋಣಿ ಕಟ್ಟೋಕೆ ಜಾಗ ಸಿಗಲ್ಲ ಅಂತಾರೆ ನಮ್ಮನೆಯವರು.

ರಾಟರ್‌ಡ್ಯಾಮ್ ಅಕ್ಕ
ಅವರು ಹೇಳೋದು ಅರ್ಧ ನಿಜ. ಜುಲೈ, ಆಗಸ್ಟ್‌ನಲ್ಲಿ ಎರಡು-ಮೂರು ಗಂಟೆಗೇ ಊರ ಧಕ್ಕೆ ಭರ್ತಿ. ಸೆಪ್ಟೆಂಬರಲ್ಲಿ ಸ್ವಲ್ಪ ಸಡಿಲ, ಖಾಲಿಯೇನೂ ಇರಲ್ಲ.

ಆದರೆ ಗಾಳಿ ಕಡೆಯಿಂದ ಯೋಚಿಸು. ಬೇಸಿಗೆಯಲ್ಲಿ ಅಲ್ಲಿ ಹವಾ ಚೆನ್ನಾಗಿರೋ ದಿನ ಬೆಳಿಗ್ಗೆ ನೀರು ಅಲ್ಲಾಡಲ್ಲ. ಮಾಯಿಸ್ತ್ರಾಲ್ ಅಂತ ವಾಯವ್ಯದ ಗಾಳಿ ಏಳೋದು ಮಧ್ಯಾಹ್ನದ ಹೊತ್ತಿಗೆ, ಸೂರ್ಯ ಇಳಿದ ಮೇಲೆ ಮಲಗಿಬಿಡುತ್ತೆ. ಬೆಳಿಗ್ಗೆ ಎಂಟಕ್ಕೆ ಹೊರಟರೆ ಬರೀ ಇಂಜಿನ್ ಸದ್ದು ಕೇಳ್ಕೊಂಡು ಹೋಗಬೇಕು. ಅದೇ ಹೊತ್ತಲ್ಲಿ ಊರು ಖಾಲಿ ಇರುತ್ತೆ. ಕ್ರೂಸ್ ಹಡಗಿನವರು, ದಿನದ ಟೂರಿನವರು ಬರೋದು ಒಂಬತ್ತು-ಹತ್ತರ ಮೇಲೆ. ದೋಣಿಯಲ್ಲಿ ಮಲಗಿದವಳು ನೀನು, ಆರೂವರೆಗೆ ಎದ್ದು ಹಲಗೆ ದಾಟಿದರೆ ಊರ ಮಧ್ಯದಲ್ಲಿರ್ತೀಯ. ಬೇಕರಿ ಬಾಗಿಲು ತೆಗೀತಿರುತ್ತೆ, ಓಣಿ ತೊಳೀತಿರ್ತಾರೆ. ಹೋಟೆಲಿನವರಿಗೂ ಇಷ್ಟು ಹತ್ತಿರ ಸಿಗಲ್ಲ. ಗಾಳಿಪಟ ಅವರು ಊರು ನೋಡೋಕೆ ದೋಣಿ ಯಾಕೆ ಅಂದರಲ್ಲ, ನಾನು ಉಲ್ಟಾ ಹೇಳ್ತೀನಿ, ದೋಣಿಯಿಂದ ನೋಡಿದಷ್ಟು ಚೆನ್ನಾಗಿ ಆ ಊರುಗಳನ್ನ ಬೇರೆ ಹೇಗೂ ನೋಡೋಕಾಗಲ್ಲ.

ಜಾಗದ ಚಿಂತೆಗೆ ಮದ್ದು: ಊರು ಕಡಿಮೆ ಮಾಡು, ಒಂದೊಂದರಲ್ಲಿ ಎರಡು ರಾತ್ರಿ ನಿಲ್ಲು. ಮರೀನಾಗಳಲ್ಲಿ ಮುಂಚೆಯೇ ಬುಕ್ ಮಾಡಬಹುದು.

ಮಲ್ಪೆ ಅಣ್ಣ
ಅಕ್ಕ ಹೇಳಿದ್ದು ಸರಿ, ಒಂದು ಸೇರಿಸ್ತೇನೆ. ಬುರಾ ಬರುವ ಮುನ್ಸೂಚನೆ ಇದ್ದರೆ ಈ ಬೆಳಿಗ್ಗೆ-ಮಧ್ಯಾಹ್ನ ಲೆಕ್ಕ ಎಲ್ಲ ಬದಿಗಿಡಿ. ಅದು ಈಶಾನ್ಯದಿಂದ ಗುಡ್ಡ ಇಳಿದು ಬರುವ ಗಾಳಿ, ಆಕಾಶ ತಿಳಿಯಾಗಿರುವಾಗಲೇ ಒಮ್ಮೆಲೇ ಬಡೀತದೆ. ಅವತ್ತು ದೋಣಿ ಬಿಚ್ಚುವುದೇ ಬೇಡ, ಊರು ನೋಡಿ.

ಮತ್ತೆ ಅಮ್ಮನವರ ಮಂಡಿ ವಿಷಯ. ಎಲ್ಲರೂ ಮೆಟ್ಟಿಲಿನ ಲೆಕ್ಕ ಹೇಳ್ತಾರೆ, ಹಲಗೆ ವಿಷಯ ಯಾರೂ ಹೇಳುವುದಿಲ್ಲ. ಅಲ್ಲಿ ದೋಣಿಯ ಹಿಂಭಾಗ ಧಕ್ಕೆಗೆ ತಿರುಗಿಸಿ ಕಟ್ಟುವುದು, ನಡುವೆ ಒಂದು ಹಲಗೆ. ಅಗಲ ಒಂದಡಿಯ ಮೇಲೆ ಸ್ವಲ್ಪ. ಹೆಚ್ಚಿನದಕ್ಕೆ ಹಿಡಿ ಇರುವುದಿಲ್ಲ. ಫೆರಿ ಆಚೆ ಹೋದ ಕೂಡಲೇ ಅಲೆ ಬಂದು ದೋಣಿ ಏಳ್ತದೆ, ಹಲಗೆಯ ತುದಿ ಕಲ್ಲಿನ ಮೇಲೆ ಕರಕರ ಉಜ್ಜಿ ಒಂದು ಗೇಣು ಅತ್ತ ಇತ್ತ ಹೋಗ್ತದೆ. ಆ ಹೊತ್ತಿಗೆ ಯಾರನ್ನೂ ಇಳಿಸಬೇಡಿ. ಅಲೆ ಸತ್ತ ಮೇಲೆ ದೋಣಿಯಲ್ಲಿ ಒಬ್ಬ, ಧಕ್ಕೆಯಲ್ಲಿ ಒಬ್ಬ ನಿಂತು ಕೈ ಕೊಡ್ಲಿ. ಕಡಲತೀರದ ಓಣಿಯ ಕಲ್ಲುಗಳೂ ಸಾವಿರಾರು ಕಾಲು ತುಳಿದು ನುಣ್ಣಗಾಗಿ ಜಾರ್ತವೆ. ರಬ್ಬರ್ ಅಡಿಯ ಚಪ್ಪಲಿ ಹಾಕಿಸಿ. ನೀರಿಗೆ ಇಳಿಯುವಾಗ ಎಲ್ಲರೂ ನೀರಿನ ಶೂ ಹಾಕಿ, ಕಲ್ಲಿನ ಮೇಲೆ ಕಡಲ ಮುಳ್ಳುಂಡೆ ತುಂಬಾ ಉಂಟು.

ಚಿಕ್ಕಮಗಳೂರು ಕಾಫಿ
ಊಟದ ಬಗ್ಗೆ ನಾನು ಹೇಳ್ತೀನಿ, ನನ್ನ ಅತ್ತೆಯನ್ನ ಕರ್ಕೊಂಡು ಹೋಗಿದ್ದ ಅನುಭವ.

ಸ್ಪ್ಲಿಟ್‌ನಲ್ಲಿ ಅರಮನೆಯ ಪೂರ್ವದ ಗೋಡೆಗೆ ಅಂಟಿಕೊಂಡೇ ತರಕಾರಿ ಸಂತೆ ಇದೆ, ಪಜಾರ್ ಅಂತಾರೆ. ಅಲ್ಲಿ ಸೊಪಾರ್ನಿಕ್ ಕೇಳಿ. ಎರಡು ತೆಳು ಹಿಟ್ಟಿನ ಹಾಳೆ ಮಧ್ಯೆ ಬ್ಲಿಟ್ವಾ ಸೊಪ್ಪು, ಈರುಳ್ಳಿ ತುಂಬಿ, ಒಲೆಯ ಕಲ್ಲಿನ ಮೇಲೆ ಹಾಕಿ ಮೇಲೆ ಕೆಂಡ-ಬೂದಿ ಹರಡಿ ಬೇಯಿಸ್ತಾರೆ. ಆಮೇಲೆ ಬೂದಿ ಗುಡಿಸಿ, ಬೆಳ್ಳುಳ್ಳಿ ಹಾಕಿದ ಆಲಿವ್ ಎಣ್ಣೆ ಸವರಿ, ವಜ್ರಾಕಾರ ಕತ್ತರಿಸಿ ಕೊಡ್ತಾರೆ. ಮೊಟ್ಟೆ, ಬೆಣ್ಣೆ ಯಾವುದೂ ಇಲ್ಲ. ಅತ್ತೆ ದೋಣಿಗೂ ಕಟ್ಟಿಸಿಕೊಂಡರು. ಆ ತಿಂಗಳು ಅಂಜೂರ, ದ್ರಾಕ್ಷಿ ರಾಶಿ.

ಕೊನೊಬಾ ಅನ್ನೋ ಅಲ್ಲಿಯ ಸಣ್ಣ ಊಟದ ಹೋಟೆಲುಗಳಲ್ಲಿ ಬ್ಲಿಟ್ವಾ ಸೊಪ್ಪು-ಆಲೂಗಡ್ಡೆ ಪಲ್ಯ ಎಲ್ಲಾ ಕಡೆ ಸಿಗುತ್ತೆ. ಎಚ್ಚರ ಇರಬೇಕಾದ್ದು ಎರಡು. ವಿಸ್ ದ್ವೀಪದ ಪೊಗಾಚಾ ನೋಡೋಕೆ ಈರುಳ್ಳಿ-ಟೊಮೆಟೊ ರೊಟ್ಟಿ, ಒಳಗೆ ಉಪ್ಪು ಮೀನು ಇರುತ್ತೆ. ತರಕಾರಿ ರಿಸೊಟ್ಟೊ ಅಂದರೂ ಮೀನಿನ ಸಾರಲ್ಲಿ ಬೇಯಿಸಿರಬಹುದು, ಕೇಳಿಯೇ ತಗೊಳ್ಳಿ. ದೋಣಿಯಲ್ಲಿ ಒಲೆ ಇರುತ್ತೆ, ಅವಲಕ್ಕಿ, ರವೆ, ಸಾರಿನ ಪುಡಿ ಜೊತೆಗಿರಲಿ.

ಗಾಳಿಪಟ
ಕೊನೊಬಾ ಮಾತು ಬಂತಲ್ಲ. ಎಷ್ಟೋ ಕೊಲ್ಲಿಗಳಲ್ಲಿ ಹೋಟೆಲಿನವರೇ ದೋಣಿ ಕಟ್ಟೋಕೆ ಬೋಯಾ (ನೀರಲ್ಲಿ ತೇಲೋ ಬುರುಡೆ) ಹಾಕಿರ್ತಾರೆ. ಅಲ್ಲಿ ಊಟ ಮಾಡಿದರೆ ರಾತ್ರಿ ದೋಣಿ ಕಟ್ಟೋಕೆ ದುಡ್ಡಿಲ್ಲ. ಕೆಂಡದ ಕೆಳಗೆ ಬೇಯಿಸೋ ಪೆಕಾ ಬೇಕಾದರೆ ಬೆಳಿಗ್ಗೆಯೇ ಫೋನ್ ಮಾಡಿ ಹೇಳಬೇಕು, ಹೋಗಿ ಕೂತು ಕೇಳಿದರೆ ಸಿಗಲ್ಲ.

ಕಾವೇರಿ ಕಣಿವೆ
ಉತ್ತರಕ್ಕೆ ಯಾಕೆ ಯಾರೂ ಹೇಳ್ತಿಲ್ಲ? ಶಿಬೆನಿಕ್ ದಾಟಿ ಕ್ರ್ಕಾ ನದಿಯಲ್ಲಿ ದೋಣಿಯಲ್ಲೇ ಸ್ಕ್ರಾದಿನ್ ತನಕ ಹೋಗಬಹುದು. ಅಲ್ಲಿಂದ ನ್ಯಾಷನಲ್ ಪಾರ್ಕಿನ ದೋಣಿ ಹತ್ತಿ ಸ್ಕ್ರಾದಿನ್ಸ್ಕಿ ಬುಕ್ ಜಲಪಾತ. ಮಗುಗೂ ಖುಷಿ, ಅಮ್ಮನಿಗೂ ಮರದ ಹಲಗೆಯ ದಾರಿ.

ನಾನು ವಿದ್ಯುತ್ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು, ನನ್ನನ್ನ ಅಲ್ಲಿ ಹಿಡಿದು ನಿಲ್ಲಿಸಿದ್ದು ಜಲಪಾತ ಅಲ್ಲ, ಪಕ್ಕದ ಯರುಗಾ ವಿದ್ಯುತ್ ಕೇಂದ್ರದ ಅವಶೇಷ. 1895ರ ಆಗಸ್ಟ್ 28ಕ್ಕೆ ಅಲ್ಲಿಂದ ಎಸಿ ವಿದ್ಯುತ್ ಹರಿದು ಶಿಬೆನಿಕ್ ಬೀದಿಗಳಲ್ಲಿ ದೀಪ ಹತ್ತಿತು. ಅಮೆರಿಕದ ನಯಾಗರಾ ವಿದ್ಯುತ್ ಕೇಂದ್ರ ಶುರುವಾಗಿ ಎರಡೇ ದಿನಕ್ಕೆ. ನಮ್ಮ ಶಿವನಸಮುದ್ರ 1902ರಲ್ಲಿ ಕೆಜಿಎಫ್‌ಗೆ ವಿದ್ಯುತ್ ಕಳಿಸಿತು. ಏಳು ವರ್ಷದ ಅಂತರ ಅಷ್ಟೇ! ಅಷ್ಟು ಹಿಂದೆ ಮೈಸೂರು ಸಂಸ್ಥಾನ ಎಲ್ಲಿ ನಿಂತಿತ್ತು ಅನ್ನೋದು ಆ ಹಳೇ ಗೋಡೆ ಮುಂದೆ ನಿಂತಾಗ ಮನಸ್ಸಿಗೆ ಇಳಿಯಿತು.

ಎಚ್‌ಎಸ್‌ಆರ್ ಹುಡುಗ
ಆ ಜಲಪಾತದ ಕೆಳಗೆ ಈಜೋ ವಿಡಿಯೊ ನೋಡಿದ್ದೀನಿ, ಸೂಪರ್ ಜಾಗ.

ಕಾವೇರಿ ಕಣಿವೆ
ಈಗ ಈಜಲು ಬಿಡಲ್ಲಪ್ಪ, 2021ರಿಂದ ನಿಷೇಧ. ಸುಣ್ಣಕಲ್ಲಿನ ಪದರ ಬೆಳೆದು ಬೆಳೆದು ಆದ ಜಲಪಾತ ಅದು, ಕಾಲು ಬಿದ್ದಲ್ಲಿ ಹಾಳಾಗುತ್ತೆ. ನಿಲ್ಲಿಸಿದ್ದು ಒಳ್ಳೇದೇ ಆಯ್ತು.

ಕಾರವಾರದ ಗಾಳಿ
ದುಬ್ರೊವ್ನಿಕ್ ಬಗ್ಗೆ ಒಂದು ಎಳೆ ಬಿಟ್ಟುಹೋಗಿದೆ. ಅಲ್ಲಿಯ ಕುಲದೈವ ಸಂತ ಬ್ಲೇಸ್. ಹಳೇ ಗೋವೆ ಹತ್ತಿರ ಗಂಡೌಳಿಯಲ್ಲಿ ಅದೇ ಸಂತನ ಹೆಸರಿನ ಚರ್ಚು ಇದೆ, ಸಾವ್ ಬ್ರಾಸ್. ಪೋರ್ಚುಗೀಸರ ಕಾಲದಲ್ಲಿ ಮಸಾಲೆ ವ್ಯಾಪಾರಕ್ಕೆ ಬಂದ ದುಬ್ರೊವ್ನಿಕ್ ವರ್ತಕರ ನಂಟು ಅದಕ್ಕಿದೆ ಅಂತ ಕ್ರೊಯೇಶಿಯಾದವರು ಹೇಳ್ತಾರೆ, ಹುಡುಕಿಕೊಂಡು ಬರ್ತಾರೆ ಕೂಡ. ನಮಗೆ ಕಾರವಾರದಿಂದ ಎರಡು-ಮೂರು ತಾಸಿನ ದಾರಿ. ಮೇಷ್ಟ್ರು ಅಲ್ಲಿ ಸಂತ ಬ್ಲೇಸ್ ಚರ್ಚು ನೋಡಿ, ಊರಿಗೆ ಬಂದ ಮೇಲೆ ಇದನ್ನೂ ನೋಡಬೇಕು.

ಧಾರವಾಡ್ ಫೇಡೆ
ಭಾಳ ಚಲೋ ಮಾಹಿತಿ ಕೊಟ್ರಿ. ಗೋವಾಕ್ಕ ಹೋದಾಗೆಲ್ಲ ಬೀಚ್ ನೋಡಿ ಬರ್ತಾರ ನಮ್ಮ ಮಂದಿ.

ಆದ್ರ ಕೋರ್ಚುಲಾ ಬಿಡ್ರಿ ಅಂತ ಯಾರರ ಹೇಳಿದ್ರ ನಾ ಒಪ್ಪೂದಿಲ್ಲ. ಆ ಊರಿನ ನಕ್ಷಾ ಮೀನಿನ ಮುಳ್ಳಿನ ಆಕಾರ. ಪಶ್ಚಿಮದ ಓಣಿಗಳು ನೆಟ್ಟಗ ಅದಾವ, ಬ್ಯಾಸಿಗಿ ಮಾಯಿಸ್ತ್ರಾಲ್ ಒಳಗ ಬರಲಿ ಅಂತ. ಪೂರ್ವದವು ಬಾಗ್ಯಾವ, ಬುರಾ ನುಗ್ಗಬಾರದು ಅಂತ. ಎಂಟುನೂರು ವರ್ಷದ ಹಿಂದಿನ ಮಂದಿಗೆ ಗಾಳಿ ಹಿಂಗ ತಿಳಿದಿತ್ತು.

ಎಚ್‌ಎಸ್‌ಆರ್ ಹುಡುಗ
ಮಾರ್ಕೊ ಪೋಲೊ ಹುಟ್ಟಿದ ಮನೆ ಇರೋದು ಅಲ್ಲೇ ಅಲ್ವಾ?

ಹಳೇ ಕಲ್ಲು
ಹಾಗಂತ ಫಲಕ ಇದೆ, ಟಿಕೆಟ್ಟೂ ಇದೆ. ಅವನು ಅಲ್ಲಿ ಹುಟ್ಟಿದ ಅನ್ನೋಕೆ ದಾಖಲೆ ಇಲ್ಲ. ಗಟ್ಟಿಯಾಗಿ ಹೇಳಬಹುದಾದ್ದು 1298ರಲ್ಲಿ ಕೋರ್ಚುಲಾ ಪಕ್ಕದ ಕಡಲಲ್ಲಿ ವೆನಿಸ್‌ಗೂ ಜಿನೋವಾಗೂ ದೊಡ್ಡ ಯುದ್ಧ ಆಗಿ ವೆನಿಸ್ ಸೋತಿತು ಅನ್ನೋದು. ಅವನು ಸೆರೆ ಸಿಕ್ಕಿದ್ದು ಅಲ್ಲೇ ಅನ್ನೋ ಮಾತಿದೆ. ಜಿನೋವಾದ ಜೈಲಲ್ಲಿ ಕೂತು ಹೇಳಿದ ಕಥೆಯಲ್ಲೇ ಮಲಬಾರಿನ ಮೆಣಸು, ಕಡಲ್ಗಳ್ಳರು ಎಲ್ಲಾ ಬರೋದು. ಆ ಮನೆಗೆ ಕೊಡೋ ದುಡ್ಡು ಉಳಿಸಿ ಸಂಜೆ ಮೊರೆಷ್ಕಾ ನೋಡಿ.

ಮಲ್ಪೆ ಅಣ್ಣ
ಮೊರೆಷ್ಕಾ ನೋಡ್ಲೇಬೇಕು! ಕತ್ತಿ ಕುಣಿತ. ಇಬ್ಬರು ರಾಜರು, ಒಬ್ಬಳು ಹುಡುಗಿ, ಅವಳಿಗಾಗಿ ಎರಡು ಸೈನ್ಯದ ಯುದ್ಧ. ಮೊದಲು ಎದುರುಬದುರು ನಿಂತು ಮಾತಿನ ಜಗಳ, ಆಮೇಲೆ ಬ್ಯಾಂಡ್ ಶುರುವಾದ ಕೂಡಲೇ ಎರಡೂ ಕೈಯಲ್ಲಿ ಕತ್ತಿ. ನಮ್ಮ ಯಕ್ಷಗಾನದ ಯುದ್ಧ ಪ್ರಸಂಗ ನೋಡಿದ ಹಾಗೇ ಆಯ್ತು ನನಗೆ. ಉಕ್ಕಿಗೆ ಉಕ್ಕು ತಾಗಿ ಕಿಡಿ ಹಾರುವುದು ಎದುರಿನ ಸಾಲಿನಲ್ಲಿ ಕೂತರೆ ಕಾಣ್ತದೆ. ಊರಿನ ಹುಡುಗರೇ ಆಡುವುದು, ಅಪ್ಪನಿಂದ ಮಗ ಕಲೀತಾನೆ. ಎಲ್ಲ ದಿನ ಇರುವುದಿಲ್ಲ, ಹೋಗುವ ವಾರದ ದಿನ ಕೇಳಿಕೊಳ್ಳಿ.

ತುಂಗಾತೀರ
ಹಾಗಾದರೆ ಮ್ಲ್ಯೆಟ್? ಮಗಳಿಗೆ ಸೈಕಲ್ ಹೊಡೆಯೋ ಆಸೆ.

ಚಿಕ್ಕಮಗಳೂರು ಕಾಫಿ
ಮ್ಲ್ಯೆಟ್ ಸೈಕಲ್‌ಗೇ ಮಾಡಿಸಿದ ಜಾಗ. ಪಶ್ಚಿಮ ಭಾಗ 1960ರಿಂದ ನ್ಯಾಷನಲ್ ಪಾರ್ಕ್. ಎರಡು ಉಪ್ಪುನೀರಿನ ಸರೋವರ, ದೊಡ್ಡದರ ಮಧ್ಯೆ ಪುಟ್ಟ ದ್ವೀಪ, ದ್ವೀಪದಲ್ಲಿ 12ನೇ ಶತಮಾನದ ಬೆನೆಡಿಕ್ಟೀನ್ ಮಠ. ನಿಮ್ಮ ದೋಣಿ ಸರೋವರದೊಳಗೆ ಬಿಡಲ್ಲ. ಪೊಲಾಚೆಯಲ್ಲೋ ಪೊಮೆನಾದಲ್ಲೋ ಕಟ್ಟಿ ನಡೆಯಬೇಕು. ಪೊಮೆನಾದಿಂದ ಚಿಕ್ಕ ಸರೋವರಕ್ಕೆ ಕಾಲು ಗಂಟೆ. ಪೊಲಾಚೆಯಲ್ಲಿ ರೋಮನ್ ಅರಮನೆಯ ಗೋಡೆಗಳ ನಡುವೆಯೇ ಈಗಿನ ರಸ್ತೆ ಹಾದುಹೋಗುತ್ತೆ.

ಮುಂಗುಸಿ ಕಂಡರೆ ಆಶ್ಚರ್ಯಪಡಬೇಡಿ. 1910ರಲ್ಲಿ, ಆಸ್ಟ್ರಿಯಾ-ಹಂಗೇರಿ ಆಳ್ವಿಕೆಯಲ್ಲಿ, ವಿಷದ ಹಾವು ಜಾಸ್ತಿ ಅಂತ ಭಾರತದ ಮುಂಗುಸಿ ತಂದು ಬಿಟ್ಟರು.

ಬನಶಂಕರಿ 2ನೇ ಹಂತ
ನಮ್ಮೂರ ಮುಂಗುಸಿ ಅಲ್ಲಿ! ಹಾವು ಖಾಲಿ ಆಯ್ತಾ?

ಮಲೆನಾಡ ಹಕ್ಕಿ
ಹಾವಿನ ಜೊತೆ ಹಕ್ಕಿ, ಮೊಟ್ಟೆ, ಹಲ್ಲಿ, ಹಳ್ಳಿಯವರ ಕೋಳಿ ಎಲ್ಲಾ ಹೋಯ್ತು. ನೆಲದಲ್ಲಿ ಗೂಡು ಕಟ್ಟೋ ಹಕ್ಕಿಗಳಿಗೆ ದೊಡ್ಡ ಹೊಡೆತ. ಅಕ್ಕಪಕ್ಕದ ದ್ವೀಪಗಳಿಗೂ ಹಬ್ಬಿದೆ, ಈಗ ಯುರೋಪಿಯನ್ ಒಕ್ಕೂಟದ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಒಂದು ಕಾಟ ಕಳೆಯೋಕೆ ಇನ್ನೊಂದು ಪ್ರಾಣಿ ತಂದು ಬಿಡೋ ಯೋಚನೆ ನಮ್ಮಲ್ಲೂ ಆಗಾಗ ಕೇಳುತ್ತೆ, ಅದಕ್ಕೇ ಹೇಳ್ತಿದ್ದೀನಿ.

ಕ್ರಿಕೆಟ್ ಹುಚ್ಚ
ವಿಸ್ ದ್ವೀಪದಲ್ಲಿ ಕ್ರಿಕೆಟ್ ಕ್ಲಬ್ ಇದೆ, ಯಾರಿಗಾದ್ರೂ ಗೊತ್ತಾ? ನೆಪೋಲಿಯನ್ ಕಾಲದಲ್ಲಿ ಬ್ರಿಟಿಷ್ ನೌಕಾಪಡೆ ಅಲ್ಲಿ ಬೀಡುಬಿಟ್ಟಿತ್ತು, ಕ್ಯಾಪ್ಟನ್ ವಿಲಿಯಂ ಹೋಸ್ಟ್ ತನ್ನ ನಾವಿಕರಿಗೆ ಅಲ್ಲಿ ಕ್ರಿಕೆಟ್ ಆಡಿಸ್ತಿದ್ದ. ಈಗಿನ ಕ್ಲಬ್ಬಿಗೂ ಅವನದೇ ಹೆಸರು. ಬಳ್ಳಿ ತೋಟದ ಮಧ್ಯೆ ಪಿಚ್ಚು.

ಹಳೇ ಕಲ್ಲು
ವಿಸ್ ಬಗ್ಗೆ ಯಾರೂ ಸರಿಯಾಗಿ ಹೇಳದೇ ಇದ್ದದ್ದು ನನಗೆ ಕೊರತೆ ಅನ್ನಿಸ್ತಿತ್ತು, ಕ್ರಿಕೆಟ್ ನೆಪದಲ್ಲಿ ಬಂತು. ಯುಗೊಸ್ಲಾವಿಯಾ ಸೈನ್ಯದ ನೆಲೆ ಆಗಿದ್ದರಿಂದ 1989ರವರೆಗೆ ವಿದೇಶಿಯರು ಅಲ್ಲಿ ಕಾಲಿಡೋ ಹಾಗಿರಲಿಲ್ಲ. ಅದಕ್ಕೇ ದೊಡ್ಡ ಹೋಟೆಲುಗಳು ಏಳಲಿಲ್ಲ. ಜಲಾಂತರ್ಗಾಮಿ ಬಚ್ಚಿಡೋಕೆ ಬಂಡೆ ಕೊರೆದ ಸುರಂಗದೊಳಗೆ ರಬ್ಬರ್ ದೋಣಿಯಲ್ಲಿ ಹೋಗಿ ಬರಬಹುದು. ಹುಮ್ ಬೆಟ್ಟದ ಮೇಲೆ ಯುಗೊಸ್ಲಾವಿಯಾದ ನಾಯಕ ಟಿಟೊ 1944ರಲ್ಲಿ ಉಳಿದಿದ್ದ ಗವಿ. ಅದಕ್ಕೂ ಎರಡು ಸಾವಿರ ವರ್ಷ ಹಿಂದಿನದು ಇಸ್ಸಾ, ಗ್ರೀಕರ ವಸಾಹತು.

ಹ್ವಾರ್ ದ್ವೀಪದಲ್ಲಿ ಕೂಡ ಹೆಸರಾದ ಹ್ವಾರ್ ಊರಿಗೆ ದೋಣಿ ಒಯ್ಯಬೇಡಿ. ದುಬಾರಿ, ಅಲೆಯೂ ಜಾಸ್ತಿ. ಸ್ತಾರಿ ಗ್ರಾದ್‌ನಲ್ಲಿ ಕಟ್ಟಿ, ಅಲ್ಲಿಂದ ಬಸ್ಸಲ್ಲಿ ಹ್ವಾರ್ ನೋಡಿ ಬನ್ನಿ. ಸ್ತಾರಿ ಗ್ರಾದ್ ಬಯಲು ಯುನೆಸ್ಕೊ ಪಟ್ಟಿಯಲ್ಲಿದೆ. ಪಾರೊಸ್ ದ್ವೀಪದಿಂದ ಕ್ರಿ.ಪೂ. 384ರಲ್ಲಿ ಬಂದ ಗ್ರೀಕರು ಅಳೆದು ಹಂಚಿಕೊಂಡ ಹೊಲಗಳ ಗಡಿಯಲ್ಲೇ ಇವತ್ತೂ ದ್ರಾಕ್ಷಿ, ಆಲಿವ್ ಬೆಳೀತಾರೆ. ಕಲ್ಲು ಪೇರಿಸಿದ ಬೇಲಿಗಳ ನಡುವೆ ಸಮತಟ್ಟು ದಾರಿ, ಸೈಕಲ್‌ಗೆ ಹೇಳಿ ಮಾಡಿಸಿದ್ದು, ಅಮ್ಮನಿಗೂ ನಡೆಯಬಹುದು.

ಗಾಳಿಪಟ
ಆ ಬಯಲಿಗೆ ನಾನೂ ವೋಟು ಹಾಕ್ತೀನಿ. ಹೊಲ, ಗಾಳಿ, ಜನ ಇಲ್ಲ. ಆದರೆ ಒಂದು ಪೂರ್ತಿ ಮಧ್ಯಾಹ್ನ ಮಗುಗೆ ಈಜೋಕೆ ಬಿಡಿ, ಅದನ್ನ ಬಿಟ್ಟುಕೊಡಲ್ಲ. ಹ್ವಾರ್ ಊರೊಳಗೆ ಮಾತ್ರ ಈಜುಡುಗೆಯಲ್ಲೇ ತಿರುಗಬೇಡಿ, ದಂಡ ಹಾಕ್ತಾರೆ.

ತುಂಗಾತೀರ
ನಮ್ಮನೆಯವರ ಜೊತೆ ಕೂತು ಮಾತಾಡಿದೆ. ಶುಕ್ರ-ಶನಿ ಸ್ಪ್ಲಿಟ್, ಸಲೋನಾ. ಆಮೇಲೆ ಸ್ತಾರಿ ಗ್ರಾದ್ ಎರಡು ರಾತ್ರಿ, ವಿಸ್ ಎರಡು ರಾತ್ರಿ, ವಾಪಸ್ ಬರ್ತಾ ಒಂದು ಕೊಲ್ಲಿಯಲ್ಲಿ ಲಂಗರು, ಕೊನೆಗೆ ತ್ರೋಗಿರ್ ಮುಟ್ಟಿ ಸ್ಪ್ಲಿಟ್. ದುಬ್ರೊವ್ನಿಕ್ ಬಸ್ಸಲ್ಲಿ. ಕೋರ್ಚುಲಾ, ಮ್ಲ್ಯೆಟ್ ಬಿಟ್ಟಿದ್ದಕ್ಕೆ ಮಗಳು ಮುನಿಸಿಕೊಂಡಿದ್ದಾಳೆ, ಮುಂಗುಸಿ ನೋಡಬೇಕಂತೆ.

ಧಾರವಾಡ್ ಫೇಡೆ
ಕೋರ್ಚುಲಾ ಬಿಟ್ರಿ? ದುಬ್ರೊವ್ನಿಕ್‌ಗೆ ಬಸ್ಸಿನ ಬದಲಿ ಕ್ಯಾಟಮರಾನ್ ಹಿಡೀರಿ. ಕೋರ್ಚುಲಾ, ಮ್ಲ್ಯೆಟ್ ಎರಡೂ ಹಾದಿಮ್ಯಾಲ ನಿಲ್ಲೂವು ಅದಾವ, ಕೋರ್ಚುಲಾದಾಗ ಇಳಿದು ಒಂದು ರಾತ್ರಿ ಇದ್ದು ಮುಂದಿನದು ಹತ್ರಿ. ನಿಮ್ಮ ಅಪ್ಪಾಜಿ ಸಲುವಾಗಿ ಹೇಳಾಕತ್ತೀನಿ.

ತುಂಗಾತೀರ
ನೋಡ್ತೀನಿ ಅಣ್ಣಾ, ಇದು ಒಳ್ಳೇ ದಾರಿ. ಇನ್ನೊಂದು ಪ್ರಶ್ನೆ ಮಲ್ಪೆ ಅಣ್ಣನಿಗೆ. ವಿಸ್ ಪಕ್ಕದ ಬಿಶೆವೊ ದ್ವೀಪದ ನೀಲಿ ಗವಿ ನೋಡೋಕೆ ವಿಸ್ ಊರಲ್ಲಿ ದೋಣಿ ಕಟ್ಟೋದಾ, ಅದೇ ದ್ವೀಪದ ಕೊಮಿಜಾ ಊರಲ್ಲಾ?

ಮಲ್ಪೆ ಅಣ್ಣ
ಗವಿಗೆ ಕೊಮಿಜಾ ಹತ್ತಿರ. ಆದ್ರೆ ಕೊಮಿಜಾ ಕೊಲ್ಲಿ ಪಶ್ಚಿಮಕ್ಕೆ ತೆರೆದದ್ದು, ಆ ಕಡೆಯಿಂದ ಅಲೆ ಇದ್ದರೆ ರಾತ್ರಿ ನಿದ್ದೆ ಇಲ್ಲ. ವಿಸ್ ಊರಿನ ಕೊಲ್ಲಿ ಈಶಾನ್ಯಕ್ಕೆ ತೆರೆದದ್ದು, ಅಲ್ಲಿ ಬುರಾದ ಭಯ. ಹಿಂದಿನ ದಿನದ ಮುನ್ಸೂಚನೆ ನೋಡಿ ತೀರ್ಮಾನ ಮಾಡಿ. ಎರಡು ಊರಿನ ನಡುವೆ ಹತ್ತು ಕಿಲೋಮೀಟರು, ಬಸ್ಸು ಉಂಟು, ಹಾಗಾಗಿ ಎಲ್ಲಿ ಕಟ್ಟಿದ್ರೂ ಇನ್ನೊಂದು ಊರು ತಪ್ಪುವುದಿಲ್ಲ.

ಗವಿಯೊಳಗೆ ನಿಮ್ಮ ದೋಣಿ ಹೋಗುವುದಿಲ್ಲ, ಅಲ್ಲಿಯ ಸಣ್ಣ ದೋಣಿಗೆ ಹತ್ತಬೇಕು. ಒಳಗೆ ಹೋಗುವ ಬಾಯಿ 1884ರಲ್ಲಿ ಬಂಡೆ ಒಡೆದು ಮಾಡಿದ್ದು, ತಗ್ಗು ಉಂಟು, ಎಲ್ಲರೂ ತಲೆ ಬಗ್ಗಿಸಿ ಕೂರ್ಬೇಕು. ಬೆಳಕು ಬರುವುದು ನೀರಿನಡಿಯ ಇನ್ನೊಂದು ತೂತಿನಿಂದ. ಹನ್ನೊಂದರಿಂದ ಹನ್ನೆರಡರ ನಡುವೆ ನೀಲಿ ಜೋರು, ಆ ಹೊತ್ತಿಗೆ ಸಾಲೂ ಜೋರು. ಯುಗೊ ಇದ್ದರೆ ಮುಚ್ಚಿಬಿಡ್ತಾರೆ. ಅಮ್ಮನವರಿಗೆ ದೋಣಿಯಿಂದ ದೋಣಿಗೆ ದಾಟುವುದು ಬೇಡ. ಅವರು ಕೊಮಿಜಾದಲ್ಲೇ ಉಳಿದು ಧಕ್ಕೆ ಹತ್ತಿರದ ಕೋಟೆಯಲ್ಲಿರುವ ಮೀನುಗಾರರ ಮ್ಯೂಸಿಯಂ ನೋಡ್ಲಿ. ಫಲ್ಕುಷಾ ಅಂತ ಅಲ್ಲಿಯ ಹಳೇ ಹಾಯಿದೋಣಿ ಒಳಗೆ ಇಟ್ಟಿದ್ದಾರೆ, ನಿಮ್ಮನೆಯವರನ್ನೂ ಗವಿಯಿಂದ ಬಂದ ಮೇಲೆ ಒಮ್ಮೆ ಕಳಿಸಿ.